ಎರಡೂ ಎಡತೋಳು

ಮೂಡುಬಿದಿರೆ
3-11-2024, ಭಾನುವಾರ

ಪ್ರೀತಿಯ ಅಮ್ಮಾ,

ಇವತ್ತು ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದೆನಲ್ಲ, ಅದು ಸುಳ್ಳು. ಇಲ್ಲಿ ವಾರಕ್ಕೆ ಹತ್ತು ನಿಮಿಷ ಫೋನು, ಹಿಂದೆ ಹನ್ನೊಂದು ಹುಡುಗಿಯರ ಸಾಲು, ಎದುರಿಗೆ ವಾರ್ಡನ್. ಅಲ್ಲಿ ನಿಂತು ಅಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಗೆಯುವ ಬಟ್ಟೆಯ ಚೀಲದಲ್ಲಿ ಈ ಕಾಗದ ಇಟ್ಟು ಕಂಡಕ್ಟರ್ ಶರೀಫಣ್ಣನ ಕೈಯಲ್ಲಿ ಕಳಿಸುತ್ತೇನೆ.

ಆರ್ಕಿಟೆಕ್ಚರ್ ಕೋಚಿಂಗಿಗೆ ಅರುವತ್ತು ಮಂದಿ ಹೆಸರು ಕೊಟ್ಟಿದ್ದೇವೆ. ಸೇರಿಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. ಕಾಗದದಲ್ಲಿ ಸಣ್ಣ ಸಣ್ಣ ಚೌಕದ ತುಂಡುಗಳನ್ನು ಜೋಡಿಸಿದ ಹಾಗೆ ಒಂದು ಆಕೃತಿ ಇರುತ್ತದೆ. ಕೆಳಗೆ ಅಂಥವೇ ನಾಲ್ಕು. ಆ ನಾಲ್ಕರಲ್ಲಿ ಒಂದು ಮಾತ್ರ ಮೇಲಿನದ್ದನ್ನೇ ತಿರುಗಿಸಿ ಇಟ್ಟದ್ದು, ಉಳಿದವು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಆದವು. ಸರಿಯಾದ್ದನ್ನು ಹುಡುಕಬೇಕು. ಕಾಗದ ತಿರುಗಿಸಬಾರದು, ತಲೆ ವಾಲಿಸಬಾರದು, ಕೈ ಆಡಿಸಬಾರದು. ಮನಸ್ಸಿನೊಳಗೇ ತಿರುಗಿಸಿ ನೋಡಬೇಕು. ಇಪ್ಪತ್ತು ಪ್ರಶ್ನೆ, ಆರು ನಿಮಿಷ.

ಮೊನ್ನೆಯದ್ದು ಅಭ್ಯಾಸಕ್ಕೆ, ಜನವರಿ ಹದಿನೇಳರದ್ದು ಲೆಕ್ಕಕ್ಕೆ. ಆ ದಿನ ಇಪ್ಪತ್ತಕ್ಕೆ ಹದಿನಾಲ್ಕು ಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮೊನ್ನೆ ನನಗೆ ಬಂದದ್ದು ಏಳು.

ಶಶಿರಾಜ್ ಸರ್ ಕ್ಲಾಸಿನಲ್ಲಿ ಹೇಳಿದರು, "ಇದರಲ್ಲಿ ಹುಡುಗಿಯರು ಸ್ವಲ್ಪ ಹಿಂದೆಯೇ. ಬೇರೆ ಬೇರೆ ದೇಶದಲ್ಲಿ ಮಾಡಿ ನೋಡಿದ್ದಾರೆ. ಬೇಸರ ಮಾಡುವಂಥದ್ದು ಏನಿಲ್ಲ." ಅವರು ಕೆಟ್ಟವರಲ್ಲ ಅಮ್ಮ. ನಾಳೆ ಮಳೆ ಉಂಟು ಎಂದು ಹೇಳುವ ಹಾಗೆ ಹೇಳಿದರು. ಆದರೆ ಅಂದಿನಿಂದ ಆ ಚಿತ್ರ ನೋಡಿದರೆ ಸಾಕು, ಆ ಮಾತೇ ಕೇಳಿಸುತ್ತದೆ.

ಕೋಚಿಂಗಿಗೆ ಸಿಕ್ಕಿದರೆ ಆರ್ಕಿಟೆಕ್ಚರ್, ಇಲ್ಲದಿದ್ದರೆ ಬಂಟ್ವಾಳದಲ್ಲಿ ಬಿ.ಎಸ್ಸಿ., ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವುದು ಎಂದು ಅಪ್ಪ ಮಸ್ಕತ್ತಿನಿಂದ ಹೇಳಿದ್ದು ನೆನಪಿದೆಯಲ್ಲ. ಅವರಿಗೆ ಈ ಏಳರ ಸಂಗತಿ ಹೇಳಬೇಡ.

ನಿನ್ನ
ಪ್ರಾಪ್ತಿ


ವಾಮದಪದವು
9-11-2024

ಮಗಾ ಪ್ರಾಪ್ತಿ,

ಯೂನಿಫಾರ್ಮಿನ ಕಿಸೆಯಲ್ಲಿ ಕಾಗದ ಇಟ್ಟರೆ ಯಾರಿಗೆ ಗೊತ್ತಾಗಬೇಕು? ಬಾಲ್ದಿಯಲ್ಲಿ ಅರ್ಧ ನೆನೆದ ಮೇಲೆ ಕೈಗೆ ಸಿಕ್ಕಿತು. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒಣಗಿಸಿ ಓದಿದೆ. ಮುಂದಿನ ಸಲ ಚೀಲದ ಮೇಲೆಯೇ ಇಡು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಹುಟ್ಟುವ ಮುಂಚೆ ಅಳುವುದೂ ಬೇಡ. ಜನವರಿಗೆ ಇನ್ನೂ ಎರಡು ತಿಂಗಳಿದೆ.

ನಿನ್ನ ಸರ್ ಹೇಳಿದ್ದನ್ನು ಓದಿ ನನಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಿಂದ ಈ ಅಂಗಡಿಯಲ್ಲಿ ಕುಳಿತು ರವಿಕೆ ಹೊಲಿಯುತ್ತಿದ್ದೇನೆ. ಬಟ್ಟೆಯ ಒಳಮೈ ಹೊರಗೆ ಬಂದರೆ ಹೇಗಿರುತ್ತದೆ, ಎಡದ್ದು ಬಲಕ್ಕೆ ಹೋದರೆ ಹೇಗಿರುತ್ತದೆ ಎಂದು ದಿನಕ್ಕೆ ನೂರು ಸಲ ಮನಸ್ಸಿನಲ್ಲೇ ನೋಡಬೇಕು. ಅದನ್ನು ಯಾರೂ ಪರೀಕ್ಷೆ ಎಂದು ಕರೆಯಲಿಲ್ಲ, ಅಷ್ಟೆ. ಆಮೇಲೆ ಅನಿಸಿತು, ಹತ್ತನೆಯ ಕ್ಲಾಸಿನ ಮೇಲೆ ನಾನು ಯಾವ ಪರೀಕ್ಷೆಯನ್ನೂ ಬರೆದವಳಲ್ಲ, ನನಗೇನು ಗೊತ್ತು. ಅವರು ಓದಿದವರು.

ಒಂದು ವಿಷಯ ಮಾತ್ರ ನೀನು ಬರೆಯಲಿಲ್ಲ. ಏಳು ಸರಿ, ಒಪ್ಪಿದೆ. ಆದರೆ ಇಪ್ಪತ್ತರಲ್ಲಿ ನೀನು ಉತ್ತರ ಬರೆದದ್ದು ಎಷ್ಟು? ಅದನ್ನು ತಿಳಿಸು. ಪ್ರಶ್ನೆಯ ಒಂದು ಹಾಳೆಯನ್ನೂ ಕಳಿಸು.

ಅಪ್ಪನಿಗೆ ಹೇಳಿಲ್ಲ. ಹೇಳದೆ ಇರುವುದು ನನಗೆ ಅಭ್ಯಾಸ ಇಲ್ಲ, ಅದನ್ನೂ ನೆನಪಿಟ್ಟುಕೋ.

ನಿನ್ನ ಅಮ್ಮ
ವಿನೋದಾ


ಮೂಡುಬಿದಿರೆ
17-11-2024

ಪ್ರೀತಿಯ ಅಮ್ಮಾ,

ನಾನು ಉತ್ತರ ಬರೆದದ್ದು ಒಂಬತ್ತು. ಅದರಲ್ಲಿ ಏಳು ಸರಿ. ನೀನು ಕೇಳುವ ತನಕ ನನಗೆ ಅದು ಹೊಳೆದೇ ಇರಲಿಲ್ಲ. ಪಕ್ಕದ ಬೆಂಚಿನ ಸಮ್ಮೇದ್, ನಾರಾವಿಯವನು, ಇಪ್ಪತ್ತನ್ನೂ ಬರೆದಿದ್ದಾನೆ. ಹದಿಮೂರು ಸರಿ, ಏಳು ತಪ್ಪು. "ಗೊತ್ತಿಲ್ಲದ್ದಕ್ಕೆ ಏನು ಮಾಡ್ತಿ?" ಎಂದು ಕೇಳಿದೆ. "ಒಂದಕ್ಕೆ ಟಿಕ್ ಹಾಕಿ ಮುಂದೆ ಹೋಗ್ತೇನೆ ಮಾರಾಯ್ತಿ, ಏನು ಮಾಡುವುದು ಮತ್ತೆ?" ಎಂದ. ನನ್ನಿಂದ ಹಾಗೆ ಆಗುವುದಿಲ್ಲ. ಒಂದನ್ನು ತಿರುಗಿಸಿ ನೋಡಿ, ಸರಿ ಎಂದು ಕಂಡ ಮೇಲೂ ಇನ್ನೊಮ್ಮೆ ತಿರುಗಿಸುತ್ತೇನೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಧೈರ್ಯ ಮಾಡಿ ಶಶಿರಾಜ್ ಸರ್ ಹತ್ತಿರ ಹೋಗಿದ್ದೆ. ಯಾವ ಮಾರ್ಕು ಎಷ್ಟು ಮಂದಿಗೆ ಬರುತ್ತದೆ ಎಂದು ತೋರಿಸಲು ಅವರು ಬೋರ್ಡಿನ ಮೇಲೆ ಎರಡು ಗುಡ್ಡ ಬರೆದರು. ಒಂದು ಹುಡುಗರದ್ದು, ಒಂದು ಹುಡುಗಿಯರದ್ದು. ಹುಡುಗರದ್ದು ಸ್ವಲ್ಪ ಬಲಕ್ಕೆ, ಅಂದರೆ ಮಾರ್ಕು ಜಾಸ್ತಿ ಇರುವ ಬದಿಗೆ. ಆದರೆ ಎರಡೂ ಒಂದರ ಮೇಲೊಂದು ಕವಿದುಕೊಂಡಿದ್ದವು, ಬೇರೆಯಾಗಿ ಉಳಿದದ್ದು ಕಡಿಮೆ. "ಇದರಲ್ಲಿ ನೀನು ಎಲ್ಲಿ ಇದ್ದಿ ಅಂತ ಈ ಗುಡ್ಡ ಹೇಳುವುದಿಲ್ಲ," ಎಂದರು. "ಅಭ್ಯಾಸ ಮಾಡಿದವರೆಲ್ಲ ಮುಂದೆ ಹೋಗ್ತಾರೆ, ಹುಡುಗರೂ ಹುಡುಗಿಯರೂ. ಟೈಮ್ ಜಾಸ್ತಿ ಕೊಟ್ಟರೆ ಅಂತರ ಕಡಿಮೆ ಆಗ್ತದೆ ಅಂತಲೂ ಕೆಲವರು ಹೇಳ್ತಾರೆ." ಹಾಗಾದರೆ ನಮಗೆ ಟೈಮ್ ಜಾಸ್ತಿ ಕೊಡಬಹುದಲ್ಲ ಸರ್ ಎಂದು ಕೇಳಿದೆ. ನಕ್ಕರು. ಕೊಡುವುದಿಲ್ಲ.

ಈ ಮಾತನ್ನು ಅವರು ಮೊದಲ ದಿನವೇ ಕ್ಲಾಸಿನಲ್ಲಿ ಪೂರ್ತಿ ಹೇಳಬಹುದಿತ್ತು. ಅರ್ಧ ಮಾತ್ರ ಹೇಳಿದರು, ಆ ಅರ್ಧ ನನ್ನ ಒಳಗೆ ಕುಳಿತುಬಿಟ್ಟಿದೆ. ಹಾಳೆ ಇದರ ಜೊತೆ ಉಂಟು. ಇನ್ನು ಅರುವತ್ತೊಂದು ದಿನ. ಭಯ ಆಗುತ್ತದೆ ಅಮ್ಮ.

ಪ್ರಾಪ್ತಿ


ವಾಮದಪದವು
28-11-2024

ಮಗಾ,

ಬರೆಯಲು ತಡವಾಯಿತು. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೇಲಿನ ಮನೆಯ ರಾಜೀವಿಯ ಮಗಳ ಮದುವೆ ಡಿಸೆಂಬರ್ ಹನ್ನೊಂದಕ್ಕೆ. ಧಾರೆ ಸೀರೆಯ ರವಿಕೆ ನನ್ನ ಹತ್ತಿರವೇ ಕೊಟ್ಟಿದ್ದರು. ಸಾಮಾನ್ಯವಾಗಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸಿದರೆ ಎಡತೋಳು ಬಲತೋಳು ತಾವಾಗಿ ಬರುತ್ತವೆ. ಸೀರೆಯ ಜೊತೆ ಬಂದ ಜರಿಯಂಚಿನ ತುಂಡು ಗಿಡ್ಡ, ಮಡಿಕೆ ಹಾಕಲು ಆಗುವುದಿಲ್ಲ. ಒಂದೊಂದೇ ಕತ್ತರಿಸಬೇಕು. ಒಂದು ತೋಳಿಗೆ ಕಾಗದದ ಅಚ್ಚು ಇಟ್ಟು ಗೆರೆ ಹಾಕಿ, ಇನ್ನೊಂದಕ್ಕೆ ಅದೇ ಅಚ್ಚನ್ನು ದೋಸೆಯ ಹಾಗೆ ಮಗುಚಿ ಇಡಬೇಕು. ಆಗ ಅದು ಇನ್ನೊಂದು ಕೈಗೆ ಆಗುತ್ತದೆ. ನಾನು ಮಗುಚಲಿಲ್ಲ. ಇನ್ನೊಂದು ಅಂಚು ಆಚೆ ಬದಿಗೆ ಇತ್ತು, ಅಚ್ಚನ್ನು ಆಚೆಗೆ ತಿರುಗಿಸಿ ಇಟ್ಟು ಕತ್ತರಿಸಿಬಿಟ್ಟೆ. ಹೊಲಿಯಲು ಕುಳಿತಾಗ ನೋಡುತ್ತೇನೆ, ಎರಡೂ ಎಡತೋಳು.

ಹೊಲಿಗೆ ಕಲಿತ ಮೊದಲ ವರ್ಷ ಬಿಟ್ಟರೆ ನನಗೆ ಹೀಗಾದದ್ದಿಲ್ಲ. ಯಾಕಾಯಿತು ಎಂದೂ ಗೊತ್ತು. ನೀನು ಕಳಿಸಿದ ಹಾಳೆ ಮೇಜಿನ ಮೇಲೆ ಇತ್ತು. ಕತ್ತರಿ ಹಿಡಿದವಳಿಗೆ ನಿನ್ನ ಸರ್ ಮಾತು ನೆನಪಿಗೆ ಬಂತು. ಇದು ಎಡವಾ ಬಲವಾ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಇಷ್ಟು ವರ್ಷ ಕೈ ತಾನೇ ಹೋಗುತ್ತಿತ್ತು, ಕೇಳಬೇಕಾಗಿಯೇ ಇರಲಿಲ್ಲ.

ಬಿ.ಸಿ. ರೋಡ್ ಪೇಟೆಗೆ ಓಡಿಹೋಗಿ ಹೊಂದುವ ಬಟ್ಟೆ ತಂದು ಅಂಚಿಲ್ಲದ ತೋಳು ಇಟ್ಟು ಕೊಟ್ಟೆ. ರಾಜೀವಿ ಬೈಯಲಿಲ್ಲ. "ಇರಲಿ ವಿನೋದಕ್ಕ, ಮನುಷ್ಯರಲ್ಲವಾ," ಎಂದು ತೆಗೆದುಕೊಂಡು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಆ ಎರಡು ತೋಳು ಇದರ ಜೊತೆ ಇಟ್ಟಿದ್ದೇನೆ. ಮೇಜಿನ ಮೇಲಿಟ್ಟು ತಿರುಗಿಸಿ ನೋಡು. ಎಷ್ಟು ತಿರುಗಿಸಿದರೂ ಅದು ಬಲತೋಳು ಆಗುವುದಿಲ್ಲ. ಮಗುಚಿದರೆ ಮಾತ್ರ ಆಗುತ್ತದೆ, ಆದರೆ ಆಗ ಜರಿ ಒಳಗೆ ಹೋಗುತ್ತದೆ. ನಿನ್ನ ಪರೀಕ್ಷೆಯಲ್ಲೂ ಇದೇ ಇರುವುದು ಎಂದು ನನಗೆ ಕಾಣುತ್ತದೆ. ಮೊದಲು ಕೈಯಲ್ಲಿ ಮಾಡು. ಕೈ ಕಲಿತ ಮೇಲೆ ಕೈ ಬೇಡ.

ಇನ್ನೊಂದು ಹೇಳಬೇಕು. ನೀನು ಸಣ್ಣವಳಿದ್ದಾಗ ಈ ಮೇಜಿನ ಹತ್ತಿರ ಬಂದು ತುಂಡು ಬಟ್ಟೆ ಮುಟ್ಟಿದರೆ ನಾನು ಬೆರಳಿಗೆ ಹೊಡೆಯುತ್ತಿದ್ದೆ. ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಒಮ್ಮೆ ಕತ್ತರಿ ಹಿಡಿದರೆ ನನ್ನ ಹಾಗೆ ಇಲ್ಲಿಯೇ ಕುಳಿತುಬಿಡುತ್ತಿ ಎಂದು ಹೆದರಿಕೆ. ಓದು, ಇದನ್ನು ಮುಟ್ಟಬೇಡ ಎಂದೆ. ಈಗ ನೋಡಿದರೆ ನಿನಗೆ ಬೇಕಾದ ಓದು ಈ ಮೇಜಿನ ಮೇಲೆಯೇ ಇತ್ತು. ನಾನೇ ತಪ್ಪಿಸಿದೆ ಎಂದು ಸಂಕಟವಾಗುತ್ತದೆ.

ಅಮ್ಮ


ಮೂಡುಬಿದಿರೆ
8-12-2024

ಪ್ರೀತಿಯ ಅಮ್ಮಾ,

ನನಗೂ ಮರೆತಿಲ್ಲ. ಆದರೆ ಅದಕ್ಕೆ ನೀನು ಇಷ್ಟು ನೊಂದುಕೊಳ್ಳಬೇಡ. ಪಾತ್ರೆ ತೊಳೆಯಲು ಕಳಿಸಲಿಲ್ಲವಲ್ಲ, ಓದಲಿಕ್ಕೆ ಕಳಿಸಿದ್ದು.

ಆ ಎರಡು ತೋಳು ನನ್ನ ದಿಂಬಿನ ಕೆಳಗೆ ಉಂಟು. ಪ್ರತಿದಿನ ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ ತಿರುಗಿಸುತ್ತೇನೆ, ಮಗುಚುತ್ತೇನೆ. ಒಂದು ವಾರ ಏನೂ ಗೊತ್ತಾಗಲಿಲ್ಲ. ಮೊನ್ನೆ ಪುಸ್ತಕದಲ್ಲಿ ಒಂದು ಚಿತ್ರ ನೋಡಿದಾಗ, ಮುಟ್ಟದೆಯೇ, ಇದು ಮಗುಚಿದ್ದು ಎಂದು ತಟ್ಟನೆ ಕಂಡಿತು.

ಬಟ್ಟೆಯಲ್ಲಿ ದಪ್ಪ ಗೊತ್ತಾಗುವುದಿಲ್ಲ. ಅದಕ್ಕೆ ಬಟ್ಟೆ ಒಗೆಯುವ ಸಾಬೂನನ್ನು ಸ್ಕೇಲಿನಿಂದ ಚೌಕ ಚೌಕ ಕೊಯ್ದು, ಹಿಡಿಸೂಡಿಯ ಕಡ್ಡಿ ಚುಚ್ಚಿ ಜೋಡಿಸಿದೆ. ಪರೀಕ್ಷೆಯಲ್ಲಿ ಬರುವಂಥದ್ದೇ ಆಕೃತಿ. ವಾರ್ಡನ್ ನೋಡಿ, "ಹಿಡಿಸೂಡಿಗೆ ಕಡ್ಡಿ ಉಳಿದಿಲ್ಲ, ಅಂಗಳ ನೀನು ಗುಡಿಸ್ತಿಯಾ?" ಎಂದು ಬೈದರು. ಗುಡಿಸಿದೆ. ಸ್ಕೇಲಿನಿಂದ ಕೊಯ್ದರೆ ಮೂಲೆ ಒಡೆಯುತ್ತದೆ. ಒಂದು ಕತ್ತರಿ ಮತ್ತು ಸ್ವಲ್ಪ ತುಂಡು ಬಟ್ಟೆ, ದಪ್ಪ ರಟ್ಟು ಕಳಿಸುತ್ತೀಯಾ? ನನಗೇ ಕತ್ತರಿಸಿ ನೋಡಬೇಕು.

ಇವತ್ತು ಟೈಮ್ ಇಟ್ಟು ಮಾಡಿದೆ. ಹನ್ನೊಂದು ಬರೆದೆ, ಒಂಬತ್ತು ಸರಿ. ಸಾಲದು.

ಪ್ರಾಪ್ತಿ


ವಾಮದಪದವು
14-12-2024

ಮಗಾ,

ಕತ್ತರಿ ಕಳಿಸಿದ್ದೇನೆ. ತುಂಡು ಬಟ್ಟೆ, ರಟ್ಟು ಎಲ್ಲ ಚೀಲದಲ್ಲಿದೆ. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಆಗುತ್ತದೆ. ಶರೀಫನಿಗೆ ಹೇಳಿದ್ದೇನೆ, ಗೇಟಿನ ಕಟ್ಟೆಯ ಮೇಲೆ ಇಡುತ್ತಾನೆ, ನೀನು ಅಲ್ಲಿಂದ ತೆಗೆದುಕೋ.

ನಾಡಿದ್ದಿನಿಂದ ಧನುರ್ಮಾಸ. ಮದುವೆ ಇಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ನನ್ನ ಚಿಂತೆ ಬೇಡ.

ಅಮ್ಮ


ಮೂಡುಬಿದಿರೆ
29-12-2024

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ನಿನ್ನೆ ಹದಿನಾಲ್ಕು ಬರೆದೆ, ಹನ್ನೊಂದು ಸರಿ. ಹೇಗೆ ಎಂದು ಸಮ್ಮೇದನೂ ಕೇಳಿದ. ಸಾಬೂನಿನ ಆಕೃತಿ ಅವನಿಗೂ ಕೊಟ್ಟಿದ್ದೇನೆ. ಅವನಿಗೂ ಎರಡು ಜಾಸ್ತಿ ಬಂತು. ಹೀಗಾದರೆ ಅವನನ್ನು ನಾನು ಯಾವಾಗ ಹಿಡಿಯುವುದು?

ಈಗ ಇನ್ನೊಂದು. ಈ ಕತ್ತರಿ ನಿನ್ನದೇ. ಹಿಡಿಯ ಹತ್ತಿರ ಕೆಂಪು ದಾರ ಸುತ್ತಿದ್ದು, ಹನ್ನೆರಡು ವರ್ಷದಿಂದ ಯಾರಿಗೂ ಮುಟ್ಟಲು ಬಿಡದ್ದು. ಬೇರೆ ಸಣ್ಣ ಕತ್ತರಿ ಮನೆಯಲ್ಲಿ ಉಂಟಲ್ಲ, ಇದನ್ನು ಯಾಕೆ ಕಳಿಸಿದ್ದು ಎಂದು ಶರೀಫಣ್ಣನ ಹತ್ತಿರ ಕೇಳಿದೆ. ಅವನು ಹೇಳಿದ, "ಅಮ್ಮನ ಅಂಗಡಿ ಒಂದು ತಿಂಗಳಾಯ್ತು ಬಂದ್ ಉಂಟು. ನಿಂಗೆ ಗೊತ್ತಿಲ್ವಾ?"

ಒಂದು ತಿಂಗಳ ಹಿಂದೆ ಧನುರ್ಮಾಸ ಇರಲಿಲ್ಲ ಅಮ್ಮ. ಕತ್ತರಿ ನನಗಾಗಿ ಕಳಿಸಿದ್ದಾ, ಅಥವಾ ನಿನ್ನ ಕಣ್ಣಿಗೆ ಕಾಣಬಾರದು ಎಂದು ಕಳಿಸಿದ್ದಾ? ಸರಿಯಾಗಿ ಬರೆ. ಫೋನಿನಲ್ಲಿ ಚೆನ್ನಾಗಿದೆ ಎಂದು ಹೇಳಬೇಡ. ಅದು ನಾನು ಹೇಳುವ ಸುಳ್ಳು.

ಪ್ರಾಪ್ತಿ


ವಾಮದಪದವು
3-1-2025

ಮಗಾ,

ಎರಡಕ್ಕೂ ಕಳಿಸಿದ್ದು.

ರಾಜೀವಿಯ ರವಿಕೆ ಆದ ಮೇಲೆ ಇನ್ನೆರಡು ಬಟ್ಟೆ ಮೇಜಿನ ಮೇಲೆ ಹಾಕಿದೆ. ಗೆರೆ ಎಳೆದು ಒರೆಸಿದೆ, ಮತ್ತೆ ಎಳೆದೆ. ಅಚ್ಚನ್ನು ನನ್ನ ಮೈಗೇ ಹಿಡಿದು ನೋಡಿದೆ. ಎಡ ಯಾವುದು ಬಲ ಯಾವುದು ಎಂದು ತಿಳಿಯದೆ ಹೋಯಿತು. ನಡೆಯುವವನಿಗೆ ನಿನ್ನ ಯಾವ ಕಾಲು ಮೊದಲು ಏಳುತ್ತದೆ ಎಂದು ಕೇಳಿದರೆ ಎಡವುತ್ತಾನಲ್ಲ, ಹಾಗೆ. ಕುತ್ತಿಗೆ ನೋವು ಎಂದು ಹೇಳಿ ಬಟ್ಟೆ ವಾಪಸು ಕೊಟ್ಟೆ. ಅಂಗಡಿಯ ಬಾಗಿಲು ಹಾಕಿದೆ. ಮೊನ್ನೆಯಿಂದ ಕುತ್ತಿಗೆ ನಿಜವಾಗಿಯೂ ನೋಯಲು ಶುರುವಾಗಿದೆ.

ಅಪ್ಪನಿಗೆ ಹೇಳಿದೆ. ನಿನ್ನ ಏಳನ್ನೂ ಹೇಳಿದೆ, ನನ್ನ ಎರಡು ಎಡತೋಳನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಕಥೆ ಹೇಳಿದರು, ನನಗೆ ಇಷ್ಟು ವರ್ಷ ಹೇಳದೆ ಇದ್ದದ್ದು. ಮಸ್ಕತ್ತಿನಲ್ಲಿ ಕ್ರೇನ್ ಕಲಿಯುವಾಗ, ಕೆಳಗೆ ಎದುರು ನಿಂತು ಕೈಸನ್ನೆ ಮಾಡುವವನ ಎಡ ಇವರಿಗೆ ಬಲ. ಇವರಿಗೆ ಅದು ಹತ್ತಲೇ ಇಲ್ಲವಂತೆ. ಕಬ್ಬಿಣದ ಕಂಬಿಯನ್ನು ಎರಡು ಸಲ ತಪ್ಪು ಬದಿಗೆ ತಿರುಗಿಸಿದರಂತೆ. ಕೆಳಗೆ ಇಳಿಸಿ ಎರಡು ತಿಂಗಳು ಅಂಗಳ ಗುಡಿಸಲು ಹಾಕಿದರಂತೆ.

"ಮತ್ತೆ ಹೇಗೆ ಬಂತು?" ಎಂದೆ.

"ರೂಮಿನಲ್ಲಿ ಬೆಂಕಿಪೆಟ್ಟಿಗೆ ಇಟ್ಟು ಅಭ್ಯಾಸ ಮಾಡಿದೆ. ಮತ್ತೇನು?"

"ಗಂಡಸರಿಗೆ ಇದು ಸ್ವಲ್ಪ ಕಷ್ಟವೇ ಅಂತ ಯಾರಾದರೂ ನಿಮಗೆ ಹೇಳಿದ್ರಾ?"

ಅದಕ್ಕೆ ಅವರು, ಡ್ಯೂಟಿಗೆ ಹೊತ್ತಾಯಿತು ಎಂದರು. ಷರತ್ತು ಮಾತ್ರ ಬಿಟ್ಟಿಲ್ಲ. ಹದಿನಾಲ್ಕು ಬರಬೇಕು, ಇಲ್ಲದಿದ್ದರೆ ಬಂಟ್ವಾಳ. ಆದರೆ ಫೋನು ಇಡುವ ಮೊದಲು, "ಅವಳ ಹತ್ತಿರ ಬೆಂಕಿಪೆಟ್ಟಿಗೆ ಉಂಟಾ ಕೇಳು," ಎಂದರು.

ನಾನು ಇಲ್ಲಿ ದಿನ ಲೆಕ್ಕ ಹಾಕುತ್ತಿದ್ದೇನೆ. ಊಟ ರುಚಿಸುವುದಿಲ್ಲ. ನಿನಗೆ ಧೈರ್ಯ ಹೇಳಬೇಕಾದವಳು ಹೀಗೆ ಬರೆಯಬಾರದು, ಆದರೆ ಸರಿಯಾಗಿ ಬರೆ ಎಂದು ನೀನೇ ಕೇಳಿದ್ದು.

ಅಮ್ಮ


ಮೂಡುಬಿದಿರೆ
19-1-2025

ಪ್ರೀತಿಯ ಅಮ್ಮಾ,

ಫೋನಿನಲ್ಲಿ ನಾನು "ಆಯ್ತು" ಎಂದು ಮಾತ್ರ ಹೇಳಿದೆ, ನೀನು ಅಳಲು ಶುರುಮಾಡಿದೆ, ಹತ್ತು ನಿಮಿಷ ಅದರಲ್ಲೇ ಮುಗಿಯಿತು. ಈಗ ಪೂರ್ತಿ ಹೇಳುತ್ತೇನೆ.

ಶುಕ್ರವಾರ ಬೆಳಿಗ್ಗೆ ತಿಂಡಿ ಇಳಿಯಲಿಲ್ಲ. ಹಾಳೆ ಕೊಟ್ಟಾಗ ಮೊದಲ ಚಿತ್ರವೇ ಕಾಣಲಿಲ್ಲ, ಬರೀ ಗೆರೆ. ಸರ್ ಹೇಳಿದ ಆ ಅರ್ಧ ಮಾತು ಮತ್ತೆ ಬಂತು. ಎರಡೂ ಕೈ ಮೇಜಿನ ಮೇಲೆ ಒತ್ತಿ ಇಟ್ಟುಕೊಂಡೆ. ರಾಜೀವಕ್ಕನ ಮಗಳ ಜರಿಯಂಚನ್ನು ನೆನಪಿಸಿಕೊಂಡೆ. ಇದನ್ನು ತಿರುಗಿಸಿದರೆ ಜರಿ ಹೊರಗೆಯೇ ಇರುತ್ತದಾ, ಒಳಗೆ ಹೋಗುತ್ತದಾ ಎಂದು ಮಾತ್ರ ನೋಡಿದೆ. ಆಮೇಲೆ ಒಂದೊಂದೇ ಕಂಡಿತು. ಎರಡನೆಯ ಸಲ ನೋಡಲಿಲ್ಲ.

ಹದಿನಾರು ಬರೆದೆ. ಹದಿನಾಲ್ಕು ಸರಿ.

ಹದಿನಾರನೆಯದ್ದು ನನಗೆ ಗೊತ್ತಿರಲಿಲ್ಲ ಅಮ್ಮ. ಗಂಟೆ ಹೊಡೆಯಲಿಕ್ಕೆ ಆಗಿತ್ತು. ಸಮ್ಮೇದ್ ಮಾಡುವ ಹಾಗೆ ಒಂದಕ್ಕೆ ಟಿಕ್ ಹಾಕಿದೆ. ಗೊತ್ತಿಲ್ಲದ್ದಕ್ಕೆ ನಾನು ಟಿಕ್ ಹಾಕಿದ್ದು ಇದೇ ಮೊದಲು. ತಪ್ಪಾದ ಎರಡರಲ್ಲಿ ಅದು ಇತ್ತಾ ಇಲ್ಲವಾ ಎಂದು ಹಾಳೆ ವಾಪಸು ಕೊಡದೆ ಗೊತ್ತಾಗುವುದಿಲ್ಲ. ಸಮ್ಮೇದನಿಗೆ ಹದಿನಾರು. ಅವನನ್ನು ಹಿಡಿಯಲು ಆಗಲಿಲ್ಲ, ಇರಲಿ. ಒಳಗೆ ಬಂದವರು ಇಪ್ಪತ್ತೆರಡು ಮಂದಿ, ಅದರಲ್ಲಿ ಹುಡುಗಿಯರು ಎಂಟು.

ಶಶಿರಾಜ್ ಸರ್ ಸಾಬೂನಿನ ಆಕೃತಿ ಕೇಳಿ ತೆಗೆದುಕೊಂಡರು, ಮುಂದಿನ ವರ್ಷದವರಿಗಂತೆ. "ಮೊದಲ ದಿನ ಇದನ್ನೇ ಕೊಡ್ತೇನೆ, ಆ ಮಾತು ಆಮೇಲೆ ಹೇಳುವ," ಎಂದರು.

ಈಗ ನಿನ್ನ ಪರೀಕ್ಷೆ. ಚೀಲದಲ್ಲಿ ನಿನ್ನ ಕತ್ತರಿ ಉಂಟು. ಜೊತೆಗೆ ನನ್ನ ಚೂಡಿದಾರದ ಬಟ್ಟೆ, ಎರಡು ಬದಿಗೂ ಅಂಚು ಇದ್ದದ್ದು, ಮಡಿಕೆ ಹಾಕಲು ಸಾಲದ್ದು. ಬೇಕೆಂದೇ ಅಂಥದ್ದು ಆರಿಸಿದ್ದು. ಒಂದೊಂದೇ ತೋಳು ಕತ್ತರಿಸಬೇಕು. ಮೈಗೆ ಹಿಡಿದು ನೋಡಬಾರದು. ಗೆರೆ ಎಳೆದು ಒರೆಸಬಾರದು. ಸಮಯ ಇಪ್ಪತ್ತು ನಿಮಿಷ. ತಪ್ಪಾದರೆ ಎರಡೂ ಎಡತೋಳಿನ ಚೂಡಿದಾರವನ್ನೇ ಹಾಕಿಕೊಂಡು ಕ್ಲಾಸಿಗೆ ಹೋಗುತ್ತೇನೆ, ಇದು ಆಣೆ.

ಪ್ರಾಪ್ತಿ


ವಾಮದಪದವು
25-1-2025

ಮಗಾ ಪ್ರಾಪ್ತಿ,

ಎಂಥ ಟೀಚರು ನೀನು. ನಿನ್ನ ಸರ್ ವಾಸಿ.

ಬುಧವಾರ ಅಂಗಡಿ ತೆರೆದೆ. ಧೂಳು ಒರೆಸಿದೆ, ಮೆಷಿನಿಗೆ ಎಣ್ಣೆ ಬಿಟ್ಟೆ, ಸೂಜಿ ಬದಲಿಸಿದೆ, ಬೇಡದ ಕೆಲಸವನ್ನೆಲ್ಲ ಮಾಡಿದೆ. ಬಟ್ಟೆ ಹಾಸಿ ಒಂದು ಗಂಟೆ ಸುಮ್ಮನೆ ಕುಳಿತೆ. ಗುರುವಾರವೂ ಅಷ್ಟೇ. ಕತ್ತರಿ ಎತ್ತಿ ಎತ್ತಿ ಕೆಳಗಿಟ್ಟೆ. ನನ್ನಿಂದ ಆಗುವುದಿಲ್ಲ ಎಂದು ನಿನಗೆ ಬರೆಯಲು ಕಾಗದವನ್ನೂ ತೆಗೆದಿದ್ದೆ.

ನಿನ್ನೆ ರಾಜೀವಿ ಬಂದಳು, ಮಗಳ ಮನೆಯಿಂದ ತಂದ ಹಲಸಿನ ಹಪ್ಪಳ ಕೊಡಲು. ಮದುವೆಯ ಫೋಟೋ ತೋರಿಸಿದಳು. ಧಾರೆಯಲ್ಲಿ ಹುಡುಗಿ ಅದೇ ರವಿಕೆ ಹಾಕಿದ್ದಾಳೆ. ತೋಳಿಗೆ ಅಂಚಿಲ್ಲದ್ದು ನನಗಲ್ಲದೆ ಯಾರಿಗೂ ಕಾಣುವುದಿಲ್ಲ. ರಾಜೀವಿ ಬೆಂಚಿನ ಮೇಲೆ ಕುಳಿತು ಅಳಿಯನ ಸುದ್ದಿ, ಅಳಿಯನ ತಾಯಿಯ ಸುದ್ದಿ ಹೇಳುತ್ತಲೇ ಇದ್ದಳು. ನಾನು ಹೂಂ ಹೂಂ ಎನ್ನುತ್ತಿದ್ದೆ. ಅವಳು ಎದ್ದು ಹೋಗುವಾಗ ನೋಡುತ್ತೇನೆ, ಎರಡು ತೋಳು ಮೇಜಿನ ಮೇಲೆ ಇವೆ. ಯಾವಾಗ ಅಚ್ಚು ಮಗುಚಿದೆ, ಯಾವಾಗ ಕತ್ತರಿಸಿದೆ, ನೆನಪಿಲ್ಲ. ಒಂದು ಎಡ, ಒಂದು ಬಲ. ಅಂಚು ಎರಡಕ್ಕೂ ಹೊರಗೆ. ನಿನ್ನ ಇಪ್ಪತ್ತು ನಿಮಿಷದ ಲೆಕ್ಕ ನೋಡಲಿಲ್ಲ, ಅದಕ್ಕೆ ಎಷ್ಟು ಮಾರ್ಕು ಕಡಿಯುತ್ತಿಯೋ ಕಡಿ.

ಚೂಡಿದಾರ ಇದರ ಜೊತೆ ಇದೆ. ಹಾಕಿ ನೋಡು.

ಅಪ್ಪನಿಗೆ ಹದಿನಾಲ್ಕು ಎಂದು ಹೇಳಿದೆ. "ಹದಿನಾಲ್ಕೇ ಬಂದದ್ದಾ?" ಎಂದರು. ಆಮೇಲೆ ಐದು ನಿಮಿಷ ಬಿಟ್ಟು ಅವರೇ ಮತ್ತೆ ಫೋನು ಮಾಡಿದರು, ಏನೂ ವಿಷಯ ಇಲ್ಲದೆ.

ಆರ್ಕಿಟೆಕ್ಚರಿನ ದೊಡ್ಡ ಪರೀಕ್ಷೆ ಇನ್ನೂ ಮುಂದೆ ಇದೆ ಎಂದು ಗೊತ್ತು, ಏಪ್ರಿಲ್‌ವರೆಗೆ ನನಗೂ ನಿನಗೂ ನೆಮ್ಮದಿ ಇಲ್ಲ. ಹೆದರಿಕೆ ಇರಲಿ, ಕೆಲಸ ಮಾಡುತ್ತ ಹೆದರುವ.

ನಿನ್ನೆ ಸಂಜೆ ಬಂಟ್ವಾಳಕ್ಕೆ ಹೋಗಿ ಹೊಸ ಕತ್ತರಿ ಒಂದು ತಂದೆ, ನನ್ನದರಷ್ಟೇ ದೊಡ್ಡದು. ಹಿಡಿಗೆ ಹಸಿರು ದಾರ ಸುತ್ತಿ ಮೇಜಿನ ಬಲಬದಿಯಲ್ಲಿ ಇಟ್ಟಿದ್ದೇನೆ. ನನಗಲ್ಲ. ಕೈಗೆ ಕೊಡುವುದಿಲ್ಲ, ಕೊಡಬಾರದು. ರಜೆಗೆ ಬಂದಾಗ ನೀನೇ ತೆಗೆದುಕೋ.

ಅಮ್ಮ